ಅನುಭವ ಇದ್ದವರೇ ಬೇಕು ಅಂತ ಯಾಕೆ ಹಠ?

ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಆಟ ಆಡುವ ಗುಂಪುಗಳು ಹೊಸಬರನ್ನು ಕರೆಯುವ ರೀತಿಯನ್ನು ಸ್ವಲ್ಪ ಗಮನಿಸಿ. "ಒಬ್ಬರು ಬೇಕಾಗಿದ್ದಾರೆ. ಅನುಭವ ಇದ್ದವರಿಗೆ ಆದ್ಯತೆ. ಪ್ರತಿ ಶನಿವಾರ. ದೊಡ್ಡ ಕ್ಯಾಂಪೇನ್, ಕೊನೆಯವರೆಗೂ ಇರುವವರು ಮಾತ್ರ ಸಂಪರ್ಕಿಸಿ." ಇದನ್ನು ಓದಿ ಯಾರು ಬರುತ್ತಾರೆ ಹೇಳಿ? ಆಟ ಗೊತ್ತಿಲ್ಲದವರು ಎರಡನೇ ಸಾಲಿಗೇ ಹಿಂದೆ ಸರಿಯುತ್ತಾರೆ. ಆಟ ಗೊತ್ತಿರುವವರಿಗೆ ಸಾಮಾನ್ಯವಾಗಿ ಆಗಲೇ ಒಂದು ಗುಂಪು ಇರುತ್ತದೆ. ಉಳಿಯುವುದು ಅನುಭವ ಇದ್ದೂ ಗುಂಪಿಲ್ಲದವರು. ಅವರಲ್ಲಿ ಊರು ಬಿಟ್ಟು ಬಂದವರು, ಹಳೇ ಗುಂಪು ಚದುರಿಹೋದವರು ಇರುತ್ತಾರೆ, ಒಳ್ಳೆಯವರೇ. ಯಾವ ಗುಂಪಿನಲ್ಲೂ ನಿಲ್ಲಲಾಗದವರೂ ಅವರ ಮಧ್ಯೆಯೇ ಇರುತ್ತಾರೆ.

ನನ್ನ ಮಾತು ಇಷ್ಟೇ. ಆಟ ಬಲ್ಲವರನ್ನು ಹುಡುಕುವುದು ಬಿಡಿ. ಹೇಳಿದ ಹೊತ್ತಿಗೆ ಬರುವವರನ್ನು, ಇನ್ನೊಬ್ಬರ ಮಾತು ಕೇಳುವವರನ್ನು ಹುಡುಕಿ. ಮತ್ತೆ ಅವರನ್ನು ಒಂದೇ ಒಂದು ಸಂಜೆಗೆ ಕರೆಯಿರಿ.

ಈ ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಮೇಜಿನ ಸುತ್ತ ನಾಲ್ಕೈದು ಜನ ಕೂರುತ್ತಾರೆ. ಒಬ್ಬರು ಗೇಮ್ ಮಾಸ್ಟರ್. ಅವರು ಕಥೆಯ ಲೋಕವನ್ನು ನಡೆಸುತ್ತಾರೆ. ಉಳಿದವರಿಗೆ ಒಂದೊಂದು ಪಾತ್ರ. "ಎದುರಿಗೆ ಹಳೇ ಸೇತುವೆ ಇದೆ, ಅರ್ಧ ಮುರಿದಿದೆ, ಏನು ಮಾಡ್ತೀರಿ?" ಅಂತ ಮಾಸ್ಟರ್ ಕೇಳಿದರೆ ಆಟಗಾರರು ತಮ್ಮ ಪಾತ್ರ ಏನು ಮಾಡುತ್ತದೆ ಅಂತ ಹೇಳುತ್ತಾರೆ. ಆಗುತ್ತೋ ಇಲ್ಲವೋ ಅನ್ನುವ ಅನುಮಾನ ಇದ್ದರೆ ಡೈಸ್ ಉರುಳಿಸುತ್ತಾರೆ. ಒಂದೇ ಕಥೆ ವಾರಗಟ್ಟಲೆ, ತಿಂಗಳುಗಟ್ಟಲೆ ಮುಂದುವರಿದರೆ ಅದೇ ಕ್ಯಾಂಪೇನ್. ಇವುಗಳಲ್ಲಿ ಎಲ್ಲರಿಗೂ ಗೊತ್ತಿರುವ ಹೆಸರು ಡಂಜನ್ಸ್ ಅಂಡ್ ಡ್ರ್ಯಾಗನ್ಸ್. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಸೇರಿ ಮಾಡಿದ ಈ ಆಟ ಅಮೆರಿಕದಲ್ಲಿ 1974ರಲ್ಲಿ ಬಂತು.

ಈಗ ಗುಂಪುಗಳ ಕಷ್ಟಕ್ಕೆ ಬರೋಣ. ಕುರ್ಚಿ ಖಾಲಿಯಾಗುವುದು ಜಗಳದಿಂದ ಅಲ್ಲ. ಒಬ್ಬರಿಗೆ ಮಗು ಆಗುತ್ತದೆ. ಇನ್ನೊಬ್ಬರ ಶಿಫ್ಟ್ ಬದಲಾಗುತ್ತದೆ. ಮತ್ತೊಬ್ಬರಿಗೆ ಪರೀಕ್ಷೆ. ಎರಡು ವಾರ ಆಟ ನಿಲ್ಲುತ್ತದೆ, ಆಮೇಲೆ ನಾಲ್ಕು ವಾರ. ಆಗ ಯಾರೋ ಹೇಳುತ್ತಾರೆ, "ಹೊಸಬರೊಬ್ಬರನ್ನು ಸೇರಿಸಿಕೊಳ್ಳೋಣ, ಎಲ್ಲ ಸರಿಹೋಗುತ್ತೆ."

ಸರಿಹೋಗಲ್ಲ. ಲೆಕ್ಕ ಹಾಕಿ ನೋಡಿ. ಮಾಸ್ಟರ್ ಅಂತೂ ಪ್ರತಿ ವಾರ ಇರುತ್ತಾರೆ, ಅವರನ್ನು ಬಿಟ್ಟು ಐದು ಜನ ಆಟಗಾರರು. ಪ್ರತಿಯೊಬ್ಬರೂ ನಾಲ್ಕು ವಾರದಲ್ಲಿ ಮೂರು ವಾರ ಬರುವಂಥವರು. ಸಂಸಾರ, ಕೆಲಸ ಇರುವವರಿಗೆ ಅದು ಒಳ್ಳೇ ಹಾಜರಿಯೇ. ಒಬ್ಬರು ತಪ್ಪಿಸಿಕೊಳ್ಳುವುದಕ್ಕೂ ಇನ್ನೊಬ್ಬರು ತಪ್ಪಿಸಿಕೊಳ್ಳುವುದಕ್ಕೂ ಸಂಬಂಧ ಇಲ್ಲ ಅಂತ ಇಟ್ಟುಕೊಳ್ಳಿ. ಐವರೂ ಒಂದೇ ದಿನ ಸೇರುವ ಸಾಧ್ಯತೆ ಬರೀ ಶೇಕಡಾ 24. ಎಲ್ಲರೂ ಬಂದರೆ ಮಾತ್ರ ಆಟ ಅನ್ನುವ ಗುಂಪು ತಿಂಗಳಿಗೆ ಒಂದು ಸಲ ಆಡಿದರೆ ಪುಣ್ಯ. ಈ ನಿಯಮ ಹಾಗೇ ಇಟ್ಟುಕೊಂಡು ಆರನೆಯವರನ್ನು ಸೇರಿಸಿದರೆ ಅದು ಶೇಕಡಾ 18ಕ್ಕೆ ಇಳಿಯುತ್ತದೆ! ಜನ ಹೆಚ್ಚಾದಷ್ಟೂ ಆಟ ಕಡಿಮೆ.

ಈಗ ನಿಯಮ ಬದಲಿಸಿ. ಮೂವರು ಬಂದರೆ ಸಾಕು, ಆಡುತ್ತೇವೆ. ಐವರ ಗುಂಪಿನಲ್ಲಿ ಆಟ ನಡೆಯುವ ಸಾಧ್ಯತೆ ಹೆಚ್ಚುಕಡಿಮೆ ಶೇಕಡಾ 90. ಆರು ಜನ ಆದರೆ 96. ಹೊಸಬರನ್ನು ಹುಡುಕಲು ಹೊರಡುವ ಮೊದಲು ಇದನ್ನು ತೀರ್ಮಾನ ಮಾಡಿಕೊಳ್ಳಿ. ಇಲ್ಲದಿದ್ದರೆ ಹೊಸಬರು ಉತ್ಸಾಹದಿಂದ ಒಪ್ಪಿಕೊಂಡು, ಮೂರು ವಾರ "ಈ ಸಲ ಕ್ಯಾನ್ಸಲ್" ಅನ್ನುವ ಮೆಸೇಜ್ ಓದಿ, ನಾಲ್ಕನೇ ವಾರ ಬೇರೆ ಕೆಲಸ ಇಟ್ಟುಕೊಳ್ಳುತ್ತಾರೆ. ಅವರದ್ದೇನೂ ತಪ್ಪಿಲ್ಲ.

ಇದು ನನ್ನ ತಲೆಯಿಂದ ಹುಟ್ಟಿದ್ದೇನಲ್ಲ. 1974ರ ಮೂಲ ಪುಸ್ತಿಕೆಯಲ್ಲಿ ಒಂದು ಕ್ಯಾಂಪೇನ್‌ಗೆ ಎಷ್ಟು ಆಟಗಾರರು ಅಂತ ಬರೆದಿದ್ದಾರೆ ಗೊತ್ತಾ? ನಾಲ್ಕರಿಂದ ಐವತ್ತು! ಇಪ್ಪತ್ತು ಜನಕ್ಕೆ ಒಬ್ಬ ರೆಫರಿ, ಅಂದರೆ ಮಾಸ್ಟರ್, ಇದ್ದರೆ ಸರಿ ಅನ್ನುತ್ತದೆ ಆ ಪುಸ್ತಿಕೆ. ಐವತ್ತು ಜನ ಒಂದೇ ಮೇಜಿಗೆ ಕೂರುತ್ತಿದ್ದರು ಅಂತ ಅರ್ಥ ಅಲ್ಲ. ಯುದ್ಧದ ಆಟಗಳ ಕ್ಲಬ್‌ಗಳಲ್ಲಿ ಬೆಳೆದ ಆಟ ಇದು. ಅವತ್ತು ಯಾರು ಬಂದರೋ ಅವರು ಆಡುತ್ತಿದ್ದರು. ಲೋಕ ಒಂದೇ, ಒಳಗೆ ಹೋಗುವ ಗುಂಪು ದಿನಕ್ಕೊಂದು. ಬೆನ್ ರಾಬಿನ್ಸ್ ಅನ್ನುವ ಗೇಮ್ ಡಿಸೈನರ್ 'ವೆಸ್ಟ್ ಮಾರ್ಚಸ್' ಅಂತ ಒಂದು ಕ್ಯಾಂಪೇನ್ ನಡೆಸಿದರು. ಗೊತ್ತಾದ ದಿನ ಇಲ್ಲ, ಗೊತ್ತಾದ ತಂಡ ಇಲ್ಲ. ಹತ್ತಕ್ಕೂ ಜಾಸ್ತಿ ಆಟಗಾರರು. ಯಾರಿಗೆ ಬಿಡುವಿದೆಯೋ ಅವರೇ ಸೇರಿ, ಎಲ್ಲಿಗೆ ಹೋಗಬೇಕು ಅಂತ ನಿರ್ಧರಿಸಿ, ಮಾಸ್ಟರ್‌ಗೆ ದಿನ ಹೇಳಬೇಕು. ಹೊರಟವರು ಅವತ್ತಿನ ಆಟ ಮುಗಿಯುವುದರೊಳಗೆ ವಾಪಸ್ ಊರಿಗೆ ಬಂದಿರಬೇಕು. ಹಾಗಾಗಿ ಮುಂದಿನ ಸಲ ಯಾರು ಬಂದರೂ ಕಥೆ ಎಡವುವುದಿಲ್ಲ. ಎಲ್ಲರೂ ಇದನ್ನೇ ಮಾಡಬೇಕು ಅಂತಿಲ್ಲ. ಆದರೆ ಪ್ರತಿ ಆಟವೂ ಒಂದು ಜಾಗಕ್ಕೆ ಬಂದು ನಿಲ್ಲುವಂತೆ ನೋಡಿಕೊಂಡರೆ ಹೊಸಬರು ಒಳಗೆ ಬರಲು ಬಾಗಿಲು ತೆರೆದೇ ಇರುತ್ತದೆ. ಇಲ್ಲದಿದ್ದರೆ ಅದು ಯಾರನ್ನೋ ಕರೆದು ಧಾರಾವಾಹಿಯ 340ನೇ ಕಂತಿಗೆ ಕೂರಿಸಿದ ಹಾಗೆ. ಆ ರಾಜ ಯಾರು, ಈ ಖಡ್ಗ ಯಾಕೆ ಮುಖ್ಯ, ಎಲ್ಲರೂ ಯಾಕೆ ನಗುತ್ತಿದ್ದಾರೆ, ಒಂದೂ ಗೊತ್ತಾಗಲ್ಲ.

ಅನುಭವದ ವಿಷಯಕ್ಕೆ ಬರುತ್ತೇನೆ. "ರೂಲ್ಸ್ ಗೊತ್ತಿಲ್ಲದವರನ್ನು ಕೂರಿಸಿಕೊಂಡರೆ ಕಲಿಸುವುದರಲ್ಲೇ ಕಾಲ ಹೋಗುತ್ತೆ" ಅನ್ನುತ್ತಾರೆ. ನಾನು ಒಪ್ಪಲ್ಲ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಐದನೇ ಆವೃತ್ತಿಯ ಆಟಗಾರರ ಪುಸ್ತಕ 300 ಪುಟ ದಾಟುತ್ತದೆ, ನಿಜ. ಆದರೆ ಮೇಜಿನ ಮೇಲೆ ನಡೆಯುವುದು ಬಹುಪಾಲು ಒಂದೇ ಕೆಲಸ. ಇಪ್ಪತ್ತು ಮುಖದ ಡೈಸ್ ಉರುಳಿಸು, ನಿನ್ನ ಪಾತ್ರದ ವಿವರ ಬರೆದ ಶೀಟ್‌ನಲ್ಲಿರುವ ಸಂಖ್ಯೆ ಕೂಡಿಸು, ಮಾಸ್ಟರ್ ಮನಸ್ಸಿನಲ್ಲಿಟ್ಟ ಸಂಖ್ಯೆ ಮುಟ್ಟಿದರೆ ಗೆದ್ದೆ. ಉಳಿದದ್ದನ್ನು ಬೇಕಾದಾಗ ಹೇಳಿದರಾಯಿತು. ಆ ದಪ್ಪ ಪುಸ್ತಕ ಕೊಟ್ಟು "ಓದಿಕೊಂಡು ಬನ್ನಿ" ಅನ್ನುವುದು ಮಾತ್ರ ಬೇಡ. ಓದಲೇಬೇಕು ಅಂತ ಅವರೇ ಕೇಳಿದರೆ ಮೂಲ ನಿಯಮಗಳು ಪುಕ್ಕಟೆಯಾಗಿ ಸಿಗುತ್ತವೆ. 2023ರ ಜನವರಿಯಲ್ಲಿ ಪ್ರಕಾಶಕರು ಅವುಗಳ ದೊಡ್ಡ ಭಾಗವನ್ನು, ಯಾರು ಬೇಕಾದರೂ ಬಳಸಬಹುದು ಅನ್ನುವ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್ ಅಡಿ ಬಿಟ್ಟುಕೊಟ್ಟಿದ್ದಾರೆ.

ಆಟ ಗೊತ್ತಿಲ್ಲದವರು ತರುವ ಲಾಭ ಬೇರೆಯೇ ಇದೆ. ಹಳಬರು ಬಾಗಿಲು ಕಂಡರೆ ಶೀಟ್ ನೋಡುತ್ತಾರೆ. ಬೀಗ ಒಡೆಯುವ ಕಲೆ ಯಾರಿಗಿದೆ, ಬೋನಸ್ ಎಷ್ಟು? ಹೊಸಬರು ಬಾಗಿಲನ್ನು ಬಾಗಿಲಾಗಿಯೇ ನೋಡುತ್ತಾರೆ. "ಸುಮ್ನೆ ಬಡಿದು ನೋಡಬಹುದಾ?" ಅಂತ ಕೇಳುತ್ತಾರೆ. ಆ ಒಂದು ಪ್ರಶ್ನೆಗೆ ಮಾಸ್ಟರ್ ತಯಾರಿ ಎಲ್ಲ ತಲೆಕೆಳಗಾಗುತ್ತದೆ. ಆ ಸಂಜೆ ಚೆನ್ನಾಗಿರುತ್ತದೆ.

ಅವರಿಗಿರುವ ಹೆದರಿಕೆ ಮಾತ್ರ ನಿಜವಾದದ್ದು. "ನನಗೆ ನಟನೆ ಬರಲ್ಲ" ಅನ್ನುತ್ತಾರೆ. ಇದಕ್ಕೆ ಸ್ವಲ್ಪ ಕಾರಣ ಈ ಆಟ ಆಡುವುದನ್ನೇ ತೋರಿಸುವ ಇಂಟರ್ನೆಟ್ ಶೋಗಳು. 2015ರಲ್ಲಿ ಶುರುವಾದ ಕ್ರಿಟಿಕಲ್ ರೋಲ್ ನೋಡಿ ಎಷ್ಟೋ ಜನಕ್ಕೆ ಈ ಆಟದ ಆಸೆ ಹುಟ್ಟಿತು, ಒಳ್ಳೆಯದೇ. ಆದರೆ ಅಲ್ಲಿ ಕೂತವರು ದನಿ ಕೊಟ್ಟೇ ಹೊಟ್ಟೆ ಹೊರೆಯುವ ಕಲಾವಿದರು. ಮನೆಯ ಮೇಜಿನ ಮೇಲೆ ಅದನ್ನು ನಿರೀಕ್ಷಿಸಿದರೆ ಎಲ್ಲರಿಗೂ ಬೇಸರ. ಹೊಸಬರಿಗೆ ಮೊದಲೇ ಹೇಳಿಬಿಡಿ: ದನಿ ಬದಲಿಸಬೇಕಾಗಿಲ್ಲ. "ನನ್ನ ಪಾತ್ರ ಕಾವಲುಗಾರನ ಜೊತೆ ಚೌಕಾಸಿ ಮಾಡ್ತಾಳೆ, ರಾತ್ರಿ ಬಿಟ್ಟರೆ ಬೆಳಿಗ್ಗೆ ದುಡ್ಡು ಕೊಡ್ತೀನಿ ಅಂತಾಳೆ." ಇಷ್ಟು ಹೇಳಿದರೆ ಆಡಿದ ಹಾಗೇ ಆಯಿತು.

ಎಲ್ಲಿ ಹುಡುಕುವುದು? ಮೊದಲು ನಿಮ್ಮ ಸುತ್ತಲೇ. ಬೋರ್ಡ್ ಗೇಮ್ ಆಡುವವರು ಇದ್ದರೆ ಅರ್ಧ ದಾರಿ ಬಂದ ಹಾಗೆ. ನಾಟಕದವರು ಚೆನ್ನಾಗಿ ಆಡುತ್ತಾರೆ, ಕೆಲವರು ಮಾತ್ರ ಇನ್ನೊಬ್ಬರಿಗೆ ಮಾತಾಡಲು ಬಿಡುವುದಿಲ್ಲ. ಕ್ವಿಜ್ ಹುಚ್ಚಿನವರು ಪತ್ತೇದಾರಿ ಕಥೆಗಳಿಗೆ ಸರಿ. ಆಫೀಸಿನಲ್ಲಿ ನಡೆದ ಸಣ್ಣ ಘಟನೆಯನ್ನೂ ರಸವತ್ತಾಗಿ ಹೇಳುವ ಒಬ್ಬರು ಎಲ್ಲ ಕಡೆ ಇರುತ್ತಾರೆ ಅಲ್ವಾ? ಅವರನ್ನೂ ಕರೆಯಿರಿ, ಆ ಕಥೆ ಕೇಳಿ ಸರಿಯಾದ ಜಾಗದಲ್ಲಿ "ಆಮೇಲೆ?" ಅನ್ನುವವರನ್ನೂ ಕರೆಯಿರಿ. ನನ್ನನ್ನು ಕೇಳಿದರೆ ಎರಡನೆಯವರೇ ಹೆಚ್ಚು ಮುಖ್ಯ. ಬಾಸ್‌ನ ಕರೆಯಬೇಡಿ. ಯಾಕೆ ಅಂತ ವಿವರಿಸಬೇಕಾಗಿಲ್ಲ.

ಆನ್‌ಲೈನ್‌ನಲ್ಲಿ ಆಡುವವರಿಗೆ ಆಟದ ಮೇಜನ್ನೇ ತೆರೆಯ ಮೇಲೆ ತರುವ ರೋಲ್‌ಟ್ವೆಂಟಿ, ಗುಂಪಾಗಿ ಹರಟುವ ಡಿಸ್ಕಾರ್ಡ್ ಇವೆ. ಅಲ್ಲಿ ಕೇಳಿದವರಿಗೆಲ್ಲ ಜನ ಸಿಗುತ್ತಾರೆ, ಉಳಿಯುವವರು ಕಡಿಮೆ. ಹಾಗಾಗಿ ಕರೆಯುವಾಗಲೇ ದಿನ, ಹೊತ್ತು, ಎಷ್ಟು ಗಂಟೆಯ ಆಟ, ಯಾವ ಆಟ, ತಮಾಷೆಯದ್ದೋ ಭಯದ್ದೋ, ಎಲ್ಲ ಹೇಳಿಬಿಡಿ.

ಇಲ್ಲಿ ಒಂದು ವಿಷಯ ಸ್ವಲ್ಪ ನಿಧಾನವಾಗಿ ಹೇಳಬೇಕು. ಪರಿಚಯ ಇಲ್ಲದವರನ್ನು ಮೊದಲ ಸಲವೇ ಮನೆಗೆ ಕರೆಯಬೇಡಿ. ನಿಮ್ಮ ಮನೆ ನಿಮಗೆ ಸುರಕ್ಷಿತ, ಅವರಿಗೆ ಅದು ಗೊತ್ತಿಲ್ಲ. ನಾಲ್ಕು ಜನ ಗಂಡಸರಿರುವ ಗುಂಪು ಒಬ್ಬ ಹೆಣ್ಣುಮಗಳನ್ನು "ಶನಿವಾರ ರಾತ್ರಿ ನಮ್ಮ ರೂಮಿಗೆ ಬನ್ನಿ, ಆಟ ಆಡೋಣ" ಅಂತ ಕರೆದು, ಆಮೇಲೆ "ಹೆಂಗಸರಿಗೆ ಈ ಆಟದಲ್ಲಿ ಆಸಕ್ತಿ ಇಲ್ಲ" ಅಂತ ತೀರ್ಪು ಕೊಡುವುದನ್ನು ಕೇಳಿದ್ದೇನೆ. ಜನ ಓಡಾಡುವ ಜಾಗದಲ್ಲಿ, ಹಗಲಲ್ಲಿ ಕರೆಯಿರಿ. ಯಾರ್ಯಾರು ಬರುತ್ತಾರೆ, ಎಷ್ಟು ಹೊತ್ತಿಗೆ ಮುಗಿಯುತ್ತದೆ ಅಂತ ಹೇಳಿ. ಜೊತೆಗೆ ಒಬ್ಬರನ್ನು ಕರೆದುಕೊಂಡು ಬರಲು ಹೇಳಿ. ಅದು ಎಲ್ಲರಿಗೂ ಒಳ್ಳೆಯದು. ಹಳೇ ಗುಂಪಿನ ನಡುವೆ ಒಬ್ಬರೇ ಹೊಸಬರಿದ್ದರೆ ಅವರು ಅತಿಥಿಯಾಗಿಯೇ ಉಳಿಯುತ್ತಾರೆ. ಇಬ್ಬರಿದ್ದರೆ ಅರ್ಥವಾಗದ ಜೋಕ್ ಬಂದಾಗ ಒಬ್ಬರ ಮುಖ ಒಬ್ಬರು ನೋಡಿಕೊಳ್ಳಬಹುದು.

ಮೊದಲ ಸಂಜೆಗೆ ನಿಮ್ಮ ಕ್ಯಾಂಪೇನ್ ಬೇಡ. ಮೂರು ಗಂಟೆಯಲ್ಲಿ ಶುರುವಾಗಿ ಮುಗಿಯುವ ಒನ್‌ಶಾಟ್ ಇರಲಿ. ಪಾತ್ರಗಳನ್ನು ಮೊದಲೇ ತಯಾರಿಸಿಡಿ, ಹೆಸರು ಮಾತ್ರ ಅವರು ಇಟ್ಟುಕೊಳ್ಳಲಿ. 1981ರಲ್ಲಿ ಬಂದ ಕಾಲ್ ಆಫ್ ಕತುಲು ಅನ್ನುವ ಭಯದ ಕಥೆಗಳ ಆಟ ಹೊಸಬರಿಗೆ ಬಹಳ ಸುಲಭ. ಶೀಟ್‌ನಲ್ಲಿ 'ಹುಡುಕುವುದು 45' ಅಂತ ಇದ್ದರೆ, ನೂರರ ಡೈಸ್‌ನಲ್ಲಿ 45 ಅಥವಾ ಅದಕ್ಕಿಂತ ಕಡಿಮೆ ಬಿದ್ದರೆ ಸಿಕ್ಕಿತು. ಶೇಕಡಾ ಲೆಕ್ಕ ಯಾರಿಗೆ ಗೊತ್ತಿಲ್ಲ? ಅದೂ ಭಾರ ಅನ್ನಿಸಿದರೆ ಜಾನ್ ಹಾರ್ಪರ್ ಬರೆದ ಲೇಸರ್ಸ್ ಅಂಡ್ ಫೀಲಿಂಗ್ಸ್ ಇದೆ. ಇಡೀ ಆಟ ಒಂದು ಪುಟ, ಪಾತ್ರಕ್ಕೆ ಒಂದೇ ಸಂಖ್ಯೆ. ಶುರು ಮಾಡುವ ಮೊದಲು ಐದು ನಿಮಿಷ ಮಾತಾಡಿ. ಕಥೆಯಲ್ಲಿ ಯಾವುದು ಬೇಡ ಅಂತ ಎಲ್ಲರನ್ನೂ ಕೇಳಿ. ಜಾನ್ ಸ್ಟಾವ್ರೋಪೌಲೋಸ್ ರೂಪಿಸಿದ ಎಕ್ಸ್ ಕಾರ್ಡ್ ಮೇಜಿನ ಮಧ್ಯೆ ಇಟ್ಟರೂ ಆಯಿತು. ಯಾರಾದರೂ ಅದನ್ನು ಮುಟ್ಟಿದರೆ ಆ ವಿಷಯ ಅಲ್ಲಿಗೇ ಬಿಡಬೇಕು, ಕಾರಣ ಕೇಳುವ ಹಾಗಿಲ್ಲ.

ಒನ್‌ಶಾಟ್‌ನ ದೊಡ್ಡ ಉಪಕಾರ ಅಂದರೆ ಅದು ಮುಗಿಯುತ್ತದೆ. ಇಷ್ಟವಾಗದಿದ್ದರೆ ಅವರು ನಗುತ್ತಾ ಎದ್ದು ಹೋಗಬಹುದು. ನಿಮಗೆ ಸರಿಬರದಿದ್ದರೆ ನೀವೂ ಮತ್ತೆ ಕರೆಯದೆ ಇರಬಹುದು. ಯಾರೂ ಯಾರನ್ನೂ ಬಿಟ್ಟ ಹಾಗಾಗಲಿಲ್ಲ. ಕ್ಯಾಂಪೇನ್ ಮಧ್ಯೆ ಒಬ್ಬರನ್ನು ಬರಬೇಡಿ ಅನ್ನುವ ಕಷ್ಟ ಅನುಭವಿಸಿದವರಿಗೆ ಇದರ ಬೆಲೆ ಗೊತ್ತು.

ಆ ಸಂಜೆ ಏನು ನೋಡಬೇಕು? ಡೈಸ್ ಲೆಕ್ಕ ತಪ್ಪಿತಾ ಅಂತ ಅಲ್ಲ. ಪಕ್ಕದವರ ಪಾತ್ರದ ಹೆಸರು ನೆನಪಿಟ್ಟುಕೊಂಡರಾ? "ನೀವೇನು ಮಾಡ್ತೀರಾ?" ಅಂತ ಇನ್ನೊಬ್ಬರನ್ನು ಕೇಳಿದರಾ? ಡೈಸ್ ಕೈಕೊಟ್ಟಾಗ ನಕ್ಕರಾ, ವಾದಕ್ಕೆ ನಿಂತರಾ? ತಡವಾಗುವುದಿದ್ದರೆ ಮೊದಲೇ ತಿಳಿಸಿದರಾ? ಇಷ್ಟು ಸರಿ ಇದ್ದರೆ ಅವರನ್ನು ಬಿಡಬೇಡಿ. ರೂಲ್ಸ್ ಎರಡು ತಿಂಗಳಲ್ಲಿ ತಾನಾಗಿಯೇ ಬರುತ್ತವೆ. ಇನ್ನೊಬ್ಬರ ಸರದಿ ಬಂದಾಗ ಫೋನ್ ನೋಡುವ ಚಾಳಿ ಎರಡು ವರ್ಷವಾದರೂ ಹೋಗುವುದಿಲ್ಲ.

ಇನ್ನೊಂದು ಮಾತು ಹೇಳದಿದ್ದರೆ ಈ ಬರಹ ಅರ್ಧ. ಆಟಗಾರರ ಕೊರತೆ ಅಂತ ನಾವು ಕರೆಯುವುದು ಎಷ್ಟೋ ಸಲ ಮಾಸ್ಟರ್‌ಗಳ ಕೊರತೆ. ಆಡಬೇಕು ಅನ್ನುವವರು ಬೇಕಾದಷ್ಟು ಇದ್ದಾರೆ, ನಡೆಸುವವರಿಲ್ಲ. ಹಾಗಾಗಿ ನೀವು ಕರೆತಂದ ಹೊಸಬರು ಕೆಲವು ತಿಂಗಳಾದ ಮೇಲೆ "ನಾನೂ ಒಂದು ಕಥೆ ನಡೆಸ್ಲಾ?" ಅಂತ ಕೇಳಿದರೆ ಬೇಡ ಅನ್ನಬೇಡಿ. ಇನ್ನೂ ಕಲಿಯಲಿ, ಆಮೇಲೆ ನೋಡೋಣ ಅಂತ ಮುಂದೂಡಬೇಡಿ. ಚಿಕ್ಕದೊಂದು ಒನ್‌ಶಾಟ್ ಆರಿಸಿಕೊಳ್ಳಲು ಹೇಳಿ. ಮೂವರೇ ಕೂರಿ. ಅವರು ನಡೆಸುವಾಗ ಮಧ್ಯೆ ಬಾಯಿ ಹಾಕಿ ರೂಲ್ಸ್ ತಿದ್ದಬೇಡಿ, ಏನಿದ್ದರೂ ಆಟ ಮುಗಿದ ಮೇಲೆ ಅವರು ಕೇಳಿದರೆ ಹೇಳಿ. ಮತ್ತೆ ಮುಂದಿನ ಆಟದ ದಿನವನ್ನು ಅಲ್ಲೇ, ಮೇಜಿನಿಂದ ಏಳುವ ಮೊದಲೇ ಗೊತ್ತು ಮಾಡಿಕೊಳ್ಳಿ.