1.35 ಮಗುವಿನ ಲೆಕ್ಕ

ಅಮೆರಿಕದಲ್ಲಿ ಹೈಸ್ಕೂಲು ಫುಟ್‌ಬಾಲ್ (ಹೆಲ್ಮೆಟ್ ತೊಟ್ಟು ಆಡುವ ಅಲ್ಲಿನ ಆಟ) ಋತು ಮುಗಿದು, ಕಪ್ ಯಾವುದೋ ಕ್ಯಾಥೊಲಿಕ್ ಶಾಲೆಯ ಅಥವಾ ಕ್ರಿಶ್ಚಿಯನ್ ಅಕಾಡೆಮಿಯ ಗಾಜಿನ ಕಪಾಟು ಸೇರಿತೆಂದರೆ, ಒಂದಲ್ಲ ಒಂದು ರಾಜ್ಯದ ಸರ್ಕಾರಿ ಹೈಸ್ಕೂಲುಗಳ ಪ್ರಾಂಶುಪಾಲರು ಸಭೆ ಸೇರಿ, ಖಾಸಗಿ ಶಾಲೆಗಳಿಗೆ ಬೇರೆಯೇ ಚಾಂಪಿಯನ್‌ಶಿಪ್ ಮಾಡಿ ಕಳುಹಿಸಿಬಿಡಿ ಎಂದು ಠರಾವು ಮಂಡಿಸುವುದು ಕ್ರಿಸ್‌ಮಸ್ಸಿನಷ್ಟೇ ನಿಯತವಾದ ಆಚರಣೆಯಾಗಿದೆ. ಈ ಸುದ್ದಿಯನ್ನು ಹಿಂಬಾಲಿಸಿದವರಿಗೆ ಎರಡೂ ಕಡೆಯ ವಾದಗಳು ಬಾಯಿಪಾಠವಾಗಿರುತ್ತವೆ. ಖಾಸಗಿಯವರು ಊರೂರು ಸುತ್ತಿ ಗಟ್ಟಿಮುಟ್ಟಾದ ಹುಡುಗರನ್ನು ಶುಲ್ಕ ಮನ್ನಾ ಮಾಡಿ ಕರೆತರುತ್ತಾರೆ, ನಾವಾದರೋ ನಮ್ಮ ಶಾಲೆಗೆಂದು ಗೊತ್ತುಮಾಡಿದ ಗಡಿಯೊಳಗೆ ದೇವರು ಹುಟ್ಟಿಸಿದ ಮಕ್ಕಳನ್ನೇ ನೆಚ್ಚಿಕೊಳ್ಳಬೇಕು ಎಂಬುದು ಇವರ ಅಳಲು. ನಮ್ಮದು ಶಿಸ್ತು, ಶ್ರಮ ಮತ್ತು ಪ್ರಾರ್ಥನೆಯ ಫಲ, ನಿಮ್ಮದು ಬರೀ ಹೊಟ್ಟೆಕಿಚ್ಚು ಎಂಬುದು ಅವರ ಉತ್ತರ. ಓಹಾಯೊ ರಾಜ್ಯದಲ್ಲಿ 1978ರಲ್ಲೊಮ್ಮೆ, 1993ರಲ್ಲೊಮ್ಮೆ ಇದೇ ಪ್ರಶ್ನೆಯನ್ನು ಮತಕ್ಕೆ ಹಾಕಿ ಎರಡು ಸಲವೂ ಸೋಲಿಸಿದರು. ಆದರೂ ಪ್ರಶ್ನೆ ಸಾಯಲಿಲ್ಲ.

ಇಷ್ಟು ಹಳೆಯ ಜಗಳವನ್ನು ಬಗೆಹರಿಸಲು ಆ ದೇಶದ ಕ್ರೀಡಾ ಆಡಳಿತಗಾರರು ಕಂಡುಹಿಡಿದ ಸಾಧನವನ್ನು ಎಷ್ಟು ಹೊಗಳಿದರೂ ಕಡಿಮೆಯೇ. ಅದರ ಹೆಸರು ಗುಣಕ. ಅಲ್ಲಿ ಶಾಲೆಗಳನ್ನು ವಿದ್ಯಾರ್ಥಿಗಳ ಸಂಖ್ಯೆಯ ಆಧಾರದ ಮೇಲೆ ದರ್ಜೆಗಳಾಗಿ ವಿಂಗಡಿಸಿ, ದರ್ಜೆಗೊಂದು ಕಪ್ ಇಡುತ್ತಾರೆ. ಖಾಸಗಿ ಶಾಲೆಯ ಮಕ್ಕಳ ಸಂಖ್ಯೆಯನ್ನು ಗುಣಕದಿಂದ ಗುಣಿಸಿಬಿಟ್ಟರೆ, ಚಿಕ್ಕ ಶಾಲೆ ಕಾಗದದ ಮೇಲೆ ದೊಡ್ಡದಾಗಿ, ಮೇಲಿನ ದರ್ಜೆಗೆ ಏರಿ, ಅಲ್ಲಿ ಏಟು ತಿಂದು ಬುದ್ಧಿ ಕಲಿಯುತ್ತದೆಂಬುದು ಸಿದ್ಧಾಂತ. ಅಲಬಾಮಾದಲ್ಲಿ ಖಾಸಗಿ ಶಾಲೆಯ ಒಂದು ಮಗುವನ್ನು 1.35 ಎಂದು ಎಣಿಸಿದರು. ಇಲಿನಾಯ್‌ನವರು 2005ರಲ್ಲಿ, ಪ್ರವೇಶಕ್ಕೆ ಇಂತಿಷ್ಟೇ ಪ್ರದೇಶವೆಂಬ ಗಡಿಯಿಲ್ಲದ ಶಾಲೆಗಳ ಮಗುವನ್ನು 1.65ಕ್ಕೆ ಏರಿಸಿದರು. ಜಾರ್ಜಿಯಾದವರು ಇನ್ನೂ ಧಾರಾಳಿಗಳು. 2022ರಿಂದ ಅಲ್ಲಿ ಗಡಿಯ ಹೊರಗಿನಿಂದ ಬರುವ ಒಂದು ಮಗು ಎಂದರೆ ಮೂರು ಮಕ್ಕಳು. ಎರಡೇ ವರ್ಷದಲ್ಲಿ ಮೂರನ್ನು ಎರಡಕ್ಕೆ ಇಳಿಸಿದರು. ಯಾವ ಪಥ್ಯ ಮಾಡಿ ಆ ಮಕ್ಕಳು ಇಷ್ಟು ಬೇಗ ಕರಗಿದರೋ ತಿಳಿಯದು.

ಗುಣಕದ ಸೊಬಗು ಇರುವುದು ಅದರ ಸಮದೃಷ್ಟಿಯಲ್ಲಿ. ಆರಡಿ ನಾಲ್ಕಂಗುಲದ, ಎದುರಾಳಿಯನ್ನು ಬೇಲಿಯಾಚೆ ಎಸೆಯಬಲ್ಲ ಹುಡುಗ 1.35 ಆದರೆ, ಅದೇ ಶಾಲೆಯ ಬ್ಯಾಂಡಿನಲ್ಲಿ ಕ್ಲಾರಿನೆಟ್ ನುಡಿಸುವ, ಚೆಂಡು ತನ್ನತ್ತ ಬಂದರೆ ಕಣ್ಣು ಮುಚ್ಚಿಕೊಳ್ಳುವ ಹುಡುಗಿಯೂ 1.35. ಆ ಹೆಚ್ಚುವರಿ 0.35 ದೇಹದ ಯಾವ ಭಾಗದಲ್ಲಿ ಇರುತ್ತದೆ ಎಂದು ಯಾವ ಸಮಿತಿಯೂ ವಿವರಿಸಿಲ್ಲ. ಅದು ಮೈಯಲ್ಲಿ ಇಲ್ಲ, ಅಪ್ಪನ ಬ್ಯಾಂಕ್ ಖಾತೆಯಲ್ಲಿದೆ ಎಂದು ಒಂದೇ ಮಾತಿನಲ್ಲಿ ಹೇಳಿಬಿಡಬಹುದಿತ್ತು. ಆದರೆ ಹಾಗೆ ಹೇಳಿದರೆ ಮಾತು ದುಡ್ಡಿನತ್ತ ಹೊರಳುತ್ತದೆ, ಮತ್ತು ದುಡ್ಡಿನ ಮಾತು ಬಂದರೆ ಸರ್ಕಾರಿ ಶಾಲೆಗಳೂ ತಮ್ಮ ಜೇಬು ತೋರಿಸಬೇಕಾಗುತ್ತದೆ. ಆದ್ದರಿಂದ ದಶಮಾಂಶವೇ ಕ್ಷೇಮ.

ಗುಣಕದಿಂದ ತಪ್ಪಿಸಿಕೊಳ್ಳುವ ದಾರಿಯನ್ನು ತಿಳಿದೋ ತಿಳಿಯದೆಯೋ ತೋರಿಸಿಕೊಟ್ಟದ್ದು ಓಹಾಯೊದ ಬಿಷಪ್ ಸಿಕಮೋರ್ ಎಂಬ ‘ಶಾಲೆ’. 2021ರ ಆಗಸ್ಟ್ ಕೊನೆಯಲ್ಲಿ ಇ‌ಎಸ್‌ಪಿಎನ್ ವಾಹಿನಿಯಲ್ಲಿ ನೇರಪ್ರಸಾರವಾದ ಪಂದ್ಯದಲ್ಲಿ ಈ ತಂಡ ಫ್ಲೋರಿಡಾದ ಐಎಂಜಿ ಅಕಾಡೆಮಿಯ ಎದುರು 58–0 ಅಂತರದಲ್ಲಿ ನೆಲಕಚ್ಚಿತು. ಪಂದ್ಯ ನಡೆಯುತ್ತಿದ್ದಾಗಲೇ ವೀಕ್ಷಕ ವಿವರಣೆಕಾರರು ಈ ಹುಡುಗರ ಬಗ್ಗೆ ಶಾಲೆ ಹೇಳಿದ್ದನ್ನು ಖಚಿತಪಡಿಸಿಕೊಳ್ಳಲು ತಮಗೆ ಆಗಲಿಲ್ಲವೆಂದು ಒಪ್ಪಿಕೊಳ್ಳಬೇಕಾಯಿತು. ಎರಡು ದಿನ ಮೊದಲಷ್ಟೇ ಇದೇ ತಂಡ ಇನ್ನೊಂದು ಪಂದ್ಯ ಆಡಿ ಬಂದಿತ್ತೆಂಬುದು ಆಮೇಲೆ ಹೊರಬಿತ್ತು. ರಾಜ್ಯದ ಗವರ್ನರ್ ತನಿಖೆಗೆ ಆದೇಶಿಸಿದರು, ಶಿಕ್ಷಣ ಇಲಾಖೆ ಕಡತ ಬಿಚ್ಚಿ ನೋಡಿತು, ಮತ್ತು ಅಲ್ಲಿ ಕೋಚ್ ಇದ್ದರು, ಜೆರ್ಸಿ ಇತ್ತು, ಹೆಲ್ಮೆಟ್ ಇತ್ತು, ಪಂದ್ಯಗಳ ವೇಳಾಪಟ್ಟಿ ಇತ್ತು, ಶಾಲೆ ಎನ್ನಬಹುದಾದದ್ದು ಮಾತ್ರ ಇರಲಿಲ್ಲ ಎಂಬ ತೀರ್ಮಾನಕ್ಕೆ ಬಂತು. ಜನ ನಕ್ಕರು. ನನಗೆ ಮಾತ್ರ ಇದು ಖಾಸಗಿ–ಸರ್ಕಾರಿ ವಿವಾದಕ್ಕೆ ದೊರೆತ ಏಕೈಕ ತಾರ್ಕಿಕ ಪರಿಹಾರವೆಂದು ತೋರುತ್ತದೆ. ಪಾಠ ಕೇಳುವ ಮಕ್ಕಳ ಸಂಖ್ಯೆ ಸೊನ್ನೆಯಾದರೆ, ಅದನ್ನು 1.35ರಿಂದ ಗುಣಿಸಿದರೂ ಸೊನ್ನೆ, ಮೂರರಿಂದ ಗುಣಿಸಿದರೂ ಸೊನ್ನೆ. ನಿಯಮದ ಪ್ರಕಾರ ಅಂಥ ಶಾಲೆ ಅತಿ ಚಿಕ್ಕ ದರ್ಜೆಯಲ್ಲೇ ಆಡಬೇಕು.

ಹುಡುಗರನ್ನು ಸೆಳೆದುಕೊಳ್ಳುವ ವಿಷಯವಂತೂ ದೇಶದ ಅತ್ಯುನ್ನತ ನ್ಯಾಯಪೀಠದ ಬಾಗಿಲನ್ನು ಎರಡು ಸಲ ತಟ್ಟಿ ಬಂದಿದೆ. ಟೆನೆಸ್ಸಿಯ ಬ್ರೆಂಟ್‌ವುಡ್ ಅಕಾಡೆಮಿಯ ಫುಟ್‌ಬಾಲ್ ಕೋಚ್ 1997ರಲ್ಲಿ, ಮುಂದಿನ ವರ್ಷ ತಮ್ಮ ಶಾಲೆ ಸೇರಲು ಆಗಲೇ ಕರಾರು ಮಾಡಿಕೊಂಡಿದ್ದ ಎಂಟನೇ ತರಗತಿಯ ಕೆಲವು ಹುಡುಗರಿಗೆ, ವಸಂತದ ಅಭ್ಯಾಸಕ್ಕೆ ಬಂದರೆ ಒಳ್ಳೆಯದು ಎಂದು ಒಂದು ಪತ್ರ ಬರೆದು, ಕೆಳಗೆ ‘ನಿಮ್ಮ ಕೋಚ್’ ಎಂದು ಸಹಿ ಹಾಕಿದರು. ಇನ್ನೂ ಶಾಲೆಗೆ ಬಾರದ ಮಕ್ಕಳಿಗೆ ಇವರು ಹೇಗೆ ‘ನಿಮ್ಮ’ ಕೋಚ್ ಆದರು ಎಂದು ರಾಜ್ಯದ ಕ್ರೀಡಾ ಒಕ್ಕೂಟ ಕೆರಳಿತು. ಮೂರು ಸಾವಿರ ಡಾಲರ್ ದಂಡ, ಎರಡು ವರ್ಷ ನಾಕೌಟ್ ಪಂದ್ಯಗಳಿಂದ ನಿಷೇಧ, ನಾಲ್ಕು ವರ್ಷ ನಿಗಾ. ಶಾಲೆ ತನ್ನ ವಾಕ್‌ಸ್ವಾತಂತ್ರ್ಯಕ್ಕೆ ಧಕ್ಕೆಯಾಯಿತೆಂದು ನ್ಯಾಯಾಲಯಕ್ಕೆ ಹೋಯಿತು. ಒಕ್ಕೂಟವು ಖಾಸಗಿ ಸಂಘವಲ್ಲ, ಸರ್ಕಾರದ ಅಂಗದಂತೆಯೇ ಅದು ಸಂವಿಧಾನಕ್ಕೆ ಉತ್ತರಿಸಬೇಕು ಎಂದು 2001ರಲ್ಲಿ ಸುಪ್ರೀಂ ಕೋರ್ಟ್ ಐದು–ನಾಲ್ಕರ ಬಹುಮತದಿಂದ ಹೇಳಿತು. ಆದರೂ ಪತ್ರ ಬರೆಯಬಾರದೆಂಬ ನಿಯಮದಲ್ಲಿ ತಪ್ಪಿಲ್ಲ ಎಂದು 2007ರಲ್ಲಿ ಮತ್ತೆ ಹೇಳಿತು. ಪತ್ರ ಬಂದಾಗ ಮೀಸೆ ಮೂಡದಿದ್ದ ಹುಡುಗರು ಅಂತಿಮ ತೀರ್ಪಿನ ಹೊತ್ತಿಗೆ ಕಾಲೇಜು ಮುಗಿಸಿ ಕೆಲಸಕ್ಕೆ ಸೇರುವ ವಯಸ್ಸಿನವರಾಗಿದ್ದರು. ವಸಂತದ ಅಭ್ಯಾಸ ಹೇಗೆ ನಡೆಯಿತೆಂದು ಒಂಬತ್ತು ನ್ಯಾಯಮೂರ್ತಿಗಳಲ್ಲಿ ಒಬ್ಬರಾದರೂ ಕೇಳಬೇಕಿತ್ತು.

ಪೂರ್ಣ ಬೇರ್ಪಡಿಸಿದರೆ ಶಾಂತಿ ನೆಲೆಸುತ್ತದೆ ಎನ್ನುವವರು ಟೆಕ್ಸಾಸ್ ನೋಡಬೇಕು. ಅಲ್ಲಿ ಶಾಲಾ ಕ್ರೀಡೆಗಳನ್ನು ನಡೆಸುವ ಯುಐಎಲ್ ಸಂಸ್ಥೆಯ ಸ್ಪರ್ಧೆಗಳು ಬೆರಳೆಣಿಕೆಯ ಅಪವಾದ ಬಿಟ್ಟರೆ ಸರ್ಕಾರಿ ಶಾಲೆಗಳಿಗೇ ಮೀಸಲು. ಒಳಗೆ ಖಾಸಗಿ ಶ್ರೀಮಂತರಿಲ್ಲ, ಆದ್ದರಿಂದ ಎಲ್ಲರೂ ಸಮಾನರು ಎಂದು ನೀವು ಭಾವಿಸುವಷ್ಟರಲ್ಲಿ ಡಾಲಸ್ ಬಳಿಯ ಆಲನ್ ಎಂಬ ಊರಿನ ಸರ್ಕಾರಿ ಹೈಸ್ಕೂಲು ಎದುರಾಗುತ್ತದೆ. ಆ ಶಾಲೆಗೆಂದು ಹದಿನೆಂಟು ಸಾವಿರ ಆಸನಗಳ, ಆರು ಕೋಟಿ ಡಾಲರ್ ವೆಚ್ಚದ ಕ್ರೀಡಾಂಗಣ 2012ರಲ್ಲಿ ಉದ್ಘಾಟನೆಯಾಯಿತು. 2014ರಲ್ಲಿ ಕಾಂಕ್ರೀಟ್ ಬಿರುಕು ಬಿಟ್ಟು ಮುಚ್ಚಿತು, ದುರಸ್ತಿಯಾಗಿ ಮರುವರ್ಷ ತೆರೆಯಿತು. (ಸರ್ಕಾರಿ ಕಾಮಗಾರಿ ಎರಡು ವರ್ಷಕ್ಕೆ ಬಿರುಕು ಬಿಡುವ ವಿಷಯದಲ್ಲಿ ಕರ್ನಾಟಕದ ಲೋಕೋಪಯೋಗಿ ಇಲಾಖೆಯೊಂದೇ ಪರಿಣತಿ ಪಡೆದಿಲ್ಲವೆಂದು ತಿಳಿದು ನನಗೆ ಸಮಾಧಾನವಾಯಿತು.) ಇಂಥ ಶಾಲೆ ಯಾರಿಗೂ ಪತ್ರ ಬರೆಯಬೇಕಿಲ್ಲ, ಶುಲ್ಕ ಮನ್ನಾ ಮಾಡಬೇಕಿಲ್ಲ. ಆ ಕೆಲಸವನ್ನು ಮನೆ ಮಾರುವ ದಲ್ಲಾಳಿ ಮಾಡುತ್ತಾನೆ. ಡಾಲಸ್‌ನ ಉತ್ತರದ ಬಡಾವಣೆಗಳಲ್ಲಿ ಮನೆ ಕೊಂಡ ನಮ್ಮ ಕನ್ನಡಿಗರನ್ನು ಕೇಳಿ ನೋಡಿ, ಅಡುಗೆಮನೆ ಪೂರ್ವಕ್ಕಿದೆಯೇ ಎಂದು ನೋಡುವುದಕ್ಕೂ ಮೊದಲು ಆ ವಿಳಾಸ ಯಾವ ಶಾಲೆಯ ಗಡಿಯಲ್ಲಿದೆ, ಅದರ ರೇಟಿಂಗ್ ಹತ್ತಕ್ಕೆ ಎಷ್ಟು ಎಂದು ನೋಡಿರುತ್ತಾರೆ. ಐದು ಲಕ್ಷ ಡಾಲರಿನ ಮನೆ ಕೊಂಡವರ ಮಗ ಸರ್ಕಾರಿ ಶಾಲೆಯ ಬಡಪಾಯಿ ಆಟಗಾರ, ಶುಲ್ಕ ಮನ್ನಾ ಪಡೆದು ಎರಡು ಬಸ್ ಬದಲಿಸಿ ಚರ್ಚ್ ಶಾಲೆಗೆ ಬರುವ ಕೂಲಿಯವರ ಮಗ ಖಾಸಗಿ ಸವಲತ್ತಿನ ಕೂಸು, ಹಾಗಾಗಿ 1.35. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂದು ನಾವು ನಗುತ್ತೇವೆ. ಇಲ್ಲಿ ನೆಲ ನಿಜವಾಗಿಯೂ ಡೊಂಕಾಗಿದೆ, ಆದರೆ ಅದನ್ನು ಮುಟ್ಟುವ ಧೈರ್ಯವಿಲ್ಲದವರು ಕುಣಿಯುವವರ ಕಾಲಿನ ಉದ್ದ ಅಳೆಯುತ್ತಿದ್ದಾರೆ. ಅಂದಹಾಗೆ ಖಾಸಗಿಯವರಿಲ್ಲದ ಟೆಕ್ಸಾಸಿನಲ್ಲೂ ಫುಟ್‌ಬಾಲಿಗೆ ವರ್ಷಕ್ಕೆ ಹನ್ನೆರಡು ರಾಜ್ಯ ಚಾಂಪಿಯನ್ನರು.

ಇಂಡಿಯಾನಾದಲ್ಲಿ ಒಂದು ಕಾಲಕ್ಕೆ ಬಾಸ್ಕೆಟ್‌ಬಾಲಿಗೆ ಇಡೀ ರಾಜ್ಯಕ್ಕೆ ಒಬ್ಬನೇ ಚಾಂಪಿಯನ್ ಇರುತ್ತಿದ್ದ. 161 ಮಕ್ಕಳಿದ್ದ ಮಿಲನ್ ಎಂಬ ಹಳ್ಳಿಶಾಲೆ 1954ರ ಫೈನಲ್‌ನಲ್ಲಿ ಮನ್ಸಿ ಸೆಂಟ್ರಲ್ ಎಂಬ ದೈತ್ಯ ಶಾಲೆಯನ್ನು 32–30ರಿಂದ ಮಣಿಸಿದ್ದನ್ನು ಅಲ್ಲಿನ ಮುದುಕರು ಇಂದಿಗೂ ಹೇಳುತ್ತಾರೆ. ಆ ಪದ್ಧತಿಯನ್ನು 1997ರಲ್ಲಿ ಕೈಬಿಟ್ಟರು. ಈಗ ಅಲ್ಲಿ ಗೆದ್ದ ಶಾಲೆಯನ್ನೇ ಮೇಲಿನ ದರ್ಜೆಗೆ ದೂಡುವ ‘ಯಶಸ್ಸಿನ ಅಂಶ’ವೆಂಬ ನಿಯಮವಿದೆ. ನ್ಯೂಜೆರ್ಸಿಯವರದು ಇನ್ನೂ ನಾಜೂಕು. ಸರ್ಕಾರಿ ಮತ್ತು ಸರ್ಕಾರೇತರ ಶಾಲೆಗಳಿಗೆ ಮೊದಲಿನಿಂದ ಬೇರೆ ಬೇರೆ ಕಪ್ ಕೊಟ್ಟು, ಬಾಸ್ಕೆಟ್‌ಬಾಲಿನಲ್ಲಿ ಕೊನೆಗೆ ಎಲ್ಲ ವಿಜೇತರನ್ನೂ ‘ಚಾಂಪಿಯನ್ನರ ಟೂರ್ನಿ’ಯಲ್ಲಿ ಮುಖಾಮುಖಿಯಾಗಿಸುತ್ತಿದ್ದರು. ಸರ್ಕಾರೇತರ ಶಾಲೆಗಳು ಅದನ್ನೂ ಮತ್ತೆ ಮತ್ತೆ ಗೆಲ್ಲುತ್ತಿದ್ದವು. 2022ರ ನಂತರ ಆ ಟೂರ್ನಿಯನ್ನೇ ನಿಲ್ಲಿಸಿದರು. ಯಾರು ಮೇಲು ಎಂಬ ಪ್ರಶ್ನೆ ಎಬ್ಬಿಸುತ್ತಿದ್ದ ಒಂದೇ ಪಂದ್ಯ ಹೋದ ಮೇಲೆ ಎಲ್ಲರ ಮನೆಯಲ್ಲೂ ನೆಮ್ಮದಿ.

ನಮ್ಮಲ್ಲಿ ಹೋಬಳಿ, ತಾಲ್ಲೂಕು, ಜಿಲ್ಲೆ ಎಂದು ಏರುವ ಶಾಲಾ ಕ್ರೀಡಾಕೂಟಗಳಲ್ಲಿ ಸರ್ಕಾರಿ ಶಾಲೆಯ ಹುಡುಗ ಬರಿಗಾಲಲ್ಲಿ, ಕಾನ್ವೆಂಟಿನ ಹುಡುಗ ಸ್ಪೈಕ್ ಶೂಗಳಲ್ಲಿ ಒಂದೇ ಗೆರೆಯ ಹಿಂದೆ ನಿಲ್ಲುತ್ತಾರೆ. ಜಗಳವೆಲ್ಲ ಜನನ ಪ್ರಮಾಣಪತ್ರದ ಮೇಲೆ. ನಮ್ಮ ಇಲಾಖೆಗೆ ಗುಣಕ ಹೊಳೆದಿಲ್ಲವೆಂಬುದಕ್ಕೆ ಹೆಮ್ಮೆ ಪಡುವ ಅಗತ್ಯವಿಲ್ಲ, ದೈಹಿಕ ಶಿಕ್ಷಕರೇ ಇಲ್ಲದ ಶಾಲೆಗಳನ್ನು ಯಾವ ಗುಣಕದಿಂದ ಗುಣಿಸುವುದು?

ಇಷ್ಟೆಲ್ಲ ನಗಬಹುದು. ಲೂಯಿಸಿಯಾನಾಗೆ ಬಂದಾಗ ನನಗೆ ನಗಲು ಕಷ್ಟವಾಗುತ್ತದೆ. ಅಲ್ಲಿ ನ್ಯೂ ಆರ್ಲಿಯನ್ಸ್ ಹೊರವಲಯದ ಜಾನ್ ಕರ್ಟಿಸ್ ಕ್ರಿಶ್ಚಿಯನ್ ಶಾಲೆಗೆ 1969ರಿಂದ ಒಬ್ಬರೇ ಕೋಚ್, ಆರುನೂರಕ್ಕೂ ಹೆಚ್ಚು ಗೆಲುವು, ಎರಡು ಡಜನ್ನಿಗೂ ಮಿಕ್ಕಿ ರಾಜ್ಯ ಪ್ರಶಸ್ತಿಗಳು. ಶ್ರೀವ್‌ಪೋರ್ಟಿನ ಇವ್ಯಾಂಜೆಲ್ ಕೂಡ ಅದೇ ಜಾಯಮಾನದ ಶಾಲೆ. ಸೋತು ಬೇಸತ್ತ ಪ್ರಾಂಶುಪಾಲರು 2013ರ ಜನವರಿಯಲ್ಲಿ ಮತ ಹಾಕಿ, ಫುಟ್‌ಬಾಲಿನ ನಾಕೌಟ್ ಹಂತವನ್ನು ‘ಸೆಲೆಕ್ಟ್’ ಮತ್ತು ‘ನಾನ್‌ಸೆಲೆಕ್ಟ್’ ಎಂದು ಎರಡು ಮಾಡಿದರು. ಐದು ಕಪ್‌ಗಳಿದ್ದಲ್ಲಿ ಒಂಬತ್ತಾದವು. ಮಕ್ಕಳನ್ನು ಆಯ್ದುಕೊಳ್ಳುವ ಶಾಲೆಗಳು ಸಂಖ್ಯೆಯಲ್ಲಿ ಕಡಿಮೆಯಿದ್ದುದರಿಂದ ಅವುಗಳ ಪಟ್ಟಿ ಖಾಲಿ ಖಾಲಿಯಾಗಿ, ಮೊದಲ ಸುತ್ತಿನಲ್ಲಿ ಕೆಲವು ತಂಡಗಳು ಆಡದೆಯೇ ಮುಂದಕ್ಕೆ ಹೋದವು. ಈ ಬೋಳುತನ ಕಣ್ಣಿಗೆ ಹೊಡೆಯತೊಡಗಿದಾಗ 2022ರಲ್ಲಿ ರಾಜ್ಯದ ಶಾಲಾ ಕ್ರೀಡಾ ಸಂಘದ ಕಾರ್ಯಕಾರಿ ಸಮಿತಿ ‘ಸೆಲೆಕ್ಟ್’ ಎಂಬುದರ ವ್ಯಾಖ್ಯಾನವನ್ನೇ ಹಿಗ್ಗಿಸಿತು. ಸರ್ಕಾರಿ ದುಡ್ಡಿನಲ್ಲಿ ಸ್ವತಂತ್ರ ಆಡಳಿತ ಮಂಡಳಿಗಳು ನಡೆಸುವ ಚಾರ್ಟರ್ ಶಾಲೆಗಳು, ಗಡಿ ನೋಡದೆ ಮಕ್ಕಳನ್ನು ಸೇರಿಸಿಕೊಳ್ಳುವ ಮುಕ್ತ ಪ್ರವೇಶದ ಶಾಲೆಗಳು ಎಲ್ಲವೂ ‘ಸೆಲೆಕ್ಟ್’ ಎಂದಾಯಿತು. ಹೀಗೆ ನ್ಯೂ ಆರ್ಲಿಯನ್ಸಿನ ಬಡ ಬಡಾವಣೆಗಳ ಸರ್ಕಾರಿ ಶಾಲೆಗಳ ಮಕ್ಕಳು ಒಂದು ಬೆಳಿಗ್ಗೆ ಎದ್ದಾಗ, ತಾವು ಕರ್ಟಿಸ್ ಶಾಲೆಯವರಂತೆ ಆಯ್ದು ತಂದ ರತ್ನಗಳೆಂದು ತಿಳಿದುಕೊಂಡರು.

ಆ ಮಕ್ಕಳಿಗೆ ಶಾಲೆಯ ಗಡಿ ಏಕಿಲ್ಲ? 2005ರ ಕತ್ರಿನಾ ಚಂಡಮಾರುತದ ನಂತರ ಅದೇ ರಾಜ್ಯ ಆ ನಗರದ ಶಾಲೆಗಳನ್ನು ಕೈಗೆತ್ತಿಕೊಂಡಿತು, ಏಳು ಸಾವಿರಕ್ಕೂ ಹೆಚ್ಚು ಶಾಲಾ ನೌಕರರು ಕೆಲಸ ಕಳೆದುಕೊಂಡರು, ಬಹುತೇಕ ಎಲ್ಲ ಶಾಲೆಗಳೂ ಚಾರ್ಟರ್ ಆದವು, ನಮ್ಮ ಓಣಿಯ ಶಾಲೆ ಎಂಬುದು ಅಳಿಸಿಹೋಯಿತು. ಗಡಿಯನ್ನು ಅಳಿಸಿದ್ದು ಆ ತಾಯಂದಿರಲ್ಲ. ಅರ್ಜಿ ತುಂಬಿ, ಊರಿನ ಇನ್ನೊಂದು ತುದಿಗೆ ಬಸ್ಸಿನಲ್ಲಿ ಮಗುವನ್ನು ಕಳುಹಿಸುವುದನ್ನು ಅವರು ಬಯಸಿ ಪಡೆದದ್ದಲ್ಲ. ಶಾಲೆಯನ್ನು ಕಿತ್ತುಕೊಂಡು, ನಿಮಗೆ ಆಯ್ಕೆಯ ಭಾಗ್ಯ ಕೊಟ್ಟಿದ್ದೇವೆ ಎಂದು ಹೇಳಿ, ಹದಿನೇಳು ವರ್ಷಗಳ ನಂತರ ಬಂದು, ನಿಮಗೆ ಆಯ್ಕೆಯಿದೆಯಲ್ಲ, ಶ್ರೀಮಂತರ ಪಂಕ್ತಿಯಲ್ಲಿ ಕುಳಿತುಕೊಳ್ಳಿ ಎನ್ನುವುದು ವಿಡಂಬನೆಕಾರನ ಕೈಗೆ ಏನನ್ನೂ ಉಳಿಸದ ಮಾತು. ಈ ನಿಯಮ ಬರೆದವರು ಶಿಕ್ಷಕರು. ಮಕ್ಕಳನ್ನು ದಿನವೂ ನೋಡುವವರು.

ಕೆಲವು ಶಾಲೆಗಳು ನ್ಯಾಯಾಲಯಕ್ಕೆ ಹೋದವು. ಸಮಿತಿ ತನ್ನ ನಿರ್ಧಾರವನ್ನು ಸಮರ್ಥಿಸಿಕೊಳ್ಳುತ್ತಾ, ಎರಡೂ ಬದಿಯ ಶಾಲೆಗಳ ಸಂಖ್ಯೆ ಈಗ ಹೆಚ್ಚುಕಡಿಮೆ ಸಮವಾಗಿದೆ ಎಂಬುದನ್ನು ಮುಂದಿಟ್ಟಿತು. ಸಂಖ್ಯೆ ಸಮವಾಯಿತು ನಿಜ. ಒಂದು ಕಾಲಂನಿಂದ ಇನ್ನೊಂದು ಕಾಲಂಗೆ ಹೆಸರು ವರ್ಗಾಯಿಸಿದ್ದರಿಂದ ಯಾವ ಬಡ ಶಾಲೆಗೂ ಹೊಸ ಹೆಲ್ಮೆಟ್ಟಾಗಲಿ, ಗಾಯಕ್ಕೆ ಪಟ್ಟಿ ಕಟ್ಟುವ ತರಬೇತಾದ ಕೈಯಾಗಲಿ ದೊರೆಯುವುದಿಲ್ಲ, ಆದರೆ ಕೋಷ್ಟಕ ಚೆನ್ನಾಗಿ ಕಾಣುತ್ತದೆ. ಕಪ್‌ಗಳ ಸಂಖ್ಯೆಯನ್ನೂ ಒಂಬತ್ತರಿಂದ ಎಂಟಕ್ಕೆ ಇಳಿಸಿದ್ದಾರೆ.