ಪಾಪಾಸುಕಳ್ಳಿಯನ್ನು ಕಾಪಾಡುವ ಬಗೆ

ಕಾಪಾಡಬೇಕೆಂದು ಯಾರಿಗೂ ಅನ್ನಿಸದ ಗಿಡಗಳಲ್ಲಿ ಪಾಪಾಸುಕಳ್ಳಿಗೆ ಮೊದಲ ಪಂಕ್ತಿಯೇ ಸಲ್ಲಬೇಕು. ಆಲದ ಮರ ಉರುಳಿದರೆ ಊರು ಮರುಗುತ್ತದೆ, ಶ್ರೀಗಂಧಕ್ಕೆ ಸರ್ಕಾರವೇ ಕಾವಲಿಡುತ್ತದೆ. ಆದರೆ ಚಳ್ಳಕೆರೆಯದೋ ಶಿರಾದ್ದೋ ರಸ್ತೆಯನ್ನು ಅಗಲಿಸಲು ಬಂದ ಜೆಸಿಬಿ, ಹೊಲದ ಬದುವಿನ ಕಳ್ಳಿಪೊದೆಯನ್ನು ಬುಡಸಮೇತ ಎತ್ತಿ ಲಾರಿಗೆ ಸುರಿಯುವಾಗ ನೋಡುತ್ತ ನಿಂತವರಿಗೆಲ್ಲ ನೆಮ್ಮದಿಯೇ ಆಗುತ್ತದೆ. ಆ ರಾಶಿಯಿಂದ ಒಂದೆರಡು ತುಂಡನ್ನಾದರೂ ಉಳಿಸಿಕೊಳ್ಳೋಣವೆಂದು ಹಾತೊರೆಯುವವರೂ ಕೆಲವರಿದ್ದಾರೆ. ನಾನು ಆ ಅಲ್ಪಸಂಖ್ಯಾತರ ಪೈಕಿ.

ಉಳಿಸುವ ಮೊದಲು ಗುರುತಿಸಬೇಕು. ನಮ್ಮ ಬೇಲಿಗಳ ಬೊಂತೆಗಳ್ಳಿ, ಚದುರಗಳ್ಳಿಗಳನ್ನು ಗೀರಿದರೆ ಬಿಳಿಯ ಹಾಲು ಸುರಿಯುತ್ತದೆ; ಅವು ಬೇರೆಯೇ ಕುಲದವು. ಪಾಪಾಸುಕಳ್ಳಿಯಲ್ಲಿ ಹಾಲಿಲ್ಲ, ಲೋಳೆಯಿದೆ. ನಾವು ಎಲೆಯೆನ್ನುವ ಅದರ ಹಸಿರು ಬಿಲ್ಲೆ ವಾಸ್ತವವಾಗಿ ಕಾಂಡ. ನಿಜವಾದ ಎಲೆಗಳು ಎಳೆಯ ಬಿಲ್ಲೆಯ ಮೇಲೆ ಸಣ್ಣ ಮೊನೆಗಳಂತೆ ಮೂಡಿ, ಯಾರ ಕಣ್ಣಿಗೂ ಬೀಳುವ ಮೊದಲೇ ಉದುರಿಹೋಗುತ್ತವೆ. ಬಿಲ್ಲೆಯ ಮೇಲೆ ಅಲ್ಲಲ್ಲಿ ಕಣ್ಣುಗಳಿದ್ದು, ಅವುಗಳಿಂದ ಎರಡು ಬಗೆಯ ಮುಳ್ಳುಗಳು ಹೊರಡುತ್ತವೆ. ಉದ್ದನೆಯ ಮುಳ್ಳು ಪ್ರಾಮಾಣಿಕವಾದದ್ದು: ಕಾಣುತ್ತದೆ, ಚುಚ್ಚುತ್ತದೆ, ಕಿತ್ತರೆ ಬರುತ್ತದೆ. ಅದರ ಬುಡದಲ್ಲಿ ಗುಂಪಾಗಿ ಅಡಗಿರುವ, ಹಿಮ್ಮುಖ ಕೊಕ್ಕೆಗಳುಳ್ಳ ಕೂದಲಿನಂಥ ಸುಂಕು ಮಾತ್ರ ತಾಗಿದ್ದೇ ತಿಳಿಯದಂತೆ ಚರ್ಮದೊಳಗಿಳಿದು, ಸಂಜೆಯ ಹೊತ್ತಿಗೆ ತನ್ನ ಇರವನ್ನು ಸಾರುತ್ತದೆ. ಬಯಲುಸೀಮೆಯಲ್ಲಿ ಇದರ ಹಣ್ಣನ್ನು ನೆಲಕ್ಕೆ ಉಜ್ಜಿ ಉಜ್ಜಿ ತಿಂದು ಬಾಯಿ ಕೆಂಪು ಮಾಡಿಕೊಂಡ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಷ್ಟಕ್ಕೇ ಗುರುತು ಮುಗಿಯುವುದಿಲ್ಲ; ಪಾಪಾಸುಕಳ್ಳಿಯಲ್ಲೇ ಹಲವು ಜಾತಿಗಳಿವೆ. ಹಳದಿಯ, ತುಸು ಚಪ್ಪಟೆಯಾಗಿ ಬಾಗಿದ ಮುಳ್ಳು, ನಿಂಬೆಬಣ್ಣದ ಹೂವು, ನೇರಳೆಗೆಂಪಿನ ಹಣ್ಣು ಇದ್ದರೆ ಅದು ಒಪನ್ಷಿಯಾ ಡಿಲ್ಲೆನಿಯೈ. ಕಂದು ಮುಳ್ಳು ಮತ್ತು ಕೆಂಪಿಗೆ ತಿರುಗುವ ಹೂವಿದ್ದರೆ ಎಲೇಟಿಯರ್ ಇದ್ದೀತು. ತೆಳುವಾಗಿ ಹೊಳೆಯುವ ಬಿಲ್ಲೆಯ ಕಣ್ಣುಗಳಲ್ಲಿ ಒಂಟಿ ಮುಳ್ಳೇ ಹೆಚ್ಚಾಗಿದ್ದರೆ ಅದು ಮೊನಕಾಂತ. ಅದು ಕಂಡರೆ ಸ್ವಲ್ಪ ಹೊತ್ತು ಗೌರವದಿಂದ ನಿಲ್ಲುವುದು ಒಳ್ಳೆಯದು, ಏಕೆಂದರೆ ಅದರ ವಂಶ ಉಳಿದು ಬಂದದ್ದೇ ಒಂದು ಕಥೆ.

ಇವೆಲ್ಲವೂ ಅಮೆರಿಕ ಖಂಡಗಳಿಂದ ಬಂದವು. ಕಳ್ಳಿಯ ರಸ ಹೀರುವ ಕೊಚಿನೀಲ್ ಹುಳುವಿನಿಂದ ತೆಗೆಯುವ ಕಡುಗೆಂಪು ಬಣ್ಣ ಬಹುಕಾಲ ಸ್ಪೇನ್ ದೇಶದವರ ಹಿಡಿತದಲ್ಲಿತ್ತು. ತನ್ನ ಸೇನಾಧಿಕಾರಿಗಳ ಕೋಟಿಗೂ ಅದೇ ಬಣ್ಣ ಬೇಕಾಗಿದ್ದ ಇಂಗ್ಲೆಂಡಿಗೆ ಇದು ನುಂಗಲಾರದ ತುತ್ತಾಗಿತ್ತು. ಮದರಾಸಿನ ಸೈದಾಪೇಟೆಯಲ್ಲಿ ವೈದ್ಯ ಜೇಮ್ಸ್ ಆಂಡರ್‌ಸನ್ ಹುಳುವಿನ ಮೇವಿಗೆಂದೇ ಕಳ್ಳಿಯ ತೋಟ ಬೆಳೆಸಿದರು. 1795ರಲ್ಲಿ ಬ್ರೆಜಿಲಿನಿಂದ ಹುಳುವೂ ಬಂತು. ಆದರೆ ಬಂದದ್ದು ಒಳ್ಳೆಯ ಬಣ್ಣ ಕೊಡುವ ಜಾತಿಯಲ್ಲ, ಅದರ ಕಾಡುದಾಯಾದಿ. ಅದು ಬಣ್ಣದ ವಿಷಯದಲ್ಲಿ ಜಿಪುಣತನ ತೋರಿ, ತಿನ್ನುವ ವಿಷಯದಲ್ಲಿ ಯಾವ ಸಂಕೋಚವನ್ನೂ ಇಟ್ಟುಕೊಳ್ಳದೆ ಮೊನಕಾಂತದ ಪೊದೆಗಳನ್ನು ಊರೂರಿಗೇ ಮುಗಿಸಿತು. ಡಿಲ್ಲೆನಿಯೈ ಮಾತ್ರ ಆ ಹುಳುವಿಗೆ ಬಗ್ಗದೆ ಹೊಲಗಳನ್ನು ನುಂಗುತ್ತ ಹೋದಾಗ, 1926ರಲ್ಲಿ ಸಿಂಹಳದಿಂದ ಇನ್ನೊಂದು ಜಾತಿಯ ಹುಳುವನ್ನು ತರಿಸಿ ಬಿಡಲಾಯಿತು. ಕೆಲವೇ ವರ್ಷಗಳಲ್ಲಿ ದಕ್ಷಿಣದ ಬಹುಭಾಗ ಬಯಲಾಯಿತು. ಮೊದಲು ಹುಳುವಿಗಾಗಿ ಗಿಡ ಬೆಳೆಸಿ, ಆಮೇಲೆ ಗಿಡದ ನಾಶಕ್ಕಾಗಿ ಹುಳು ಸಾಕಿದ ಈ ಆಡಳಿತಜಾಣ್ಮೆಯನ್ನು ನಾನು ಆಗಾಗ ನೆನೆದು ಸಂತೋಷಪಡುತ್ತೇನೆ.

ಆ ಹುಳು ಈಗಲೂ ಇದೆ. ಆದುದರಿಂದ ರಾಶಿಯಿಂದ ಬಿಲ್ಲೆಯನ್ನು ಆರಿಸುವಾಗ ಅದರ ಮೇಲೆ ಹತ್ತಿಯ ಚೂರಿನಂಥ ಬಿಳಿ ಅಂಟಿದೆಯೇ ಎಂದು ನೋಡಬೇಕು. ಕಡ್ಡಿಯಿಂದ ಒತ್ತಿದಾಗ ಕೆಂಪು ಹೊರಟರೆ ಅದನ್ನು ಅಲ್ಲೇ ಬಿಡಬೇಕು.

ಅಮೆರಿಕದ ಅರಿಜೋನ ರಾಜ್ಯದಲ್ಲಿ ಕಳ್ಳಿಗಳು ನೆಲದ ಮಕ್ಕಳು. ಅಲ್ಲಿ ಕಾನೂನು ಕಳ್ಳಿಗಳ ಬೆನ್ನಿಗಿದೆ. ಟೂಸಾನ್ ನಗರದ ಕಳ್ಳಿಪ್ರಿಯರ ಸಂಘದವರು ಕಟ್ಟಡ ಏಳಲಿರುವ ಜಾಗಕ್ಕೆ ಮೊದಲೇ ಹೋಗಿ, ಮಾಲೀಕರ ಒಪ್ಪಿಗೆ ಪಡೆದು, ಗಿಡಗಳನ್ನು ಅಗೆದು ತರುತ್ತಾರೆ. ನಮ್ಮಲ್ಲಿ ಕೇಳುವವರಿಲ್ಲವೆಂಬ ಕಾರಣಕ್ಕೇ ವಿವೇಕ ಹೆಚ್ಚು ಬೇಕು. ಇದು ಹೊರಗಿನಿಂದ ಬಂದು ಹಬ್ಬುವ ಗಿಡ. ಹಕ್ಕಿ ತಿಂದುಗುಳಿದ ಬೀಜದಿಂದಲೂ, ಮುರಿದುಬಿದ್ದ ತುಂಡಿನಿಂದಲೂ ಚಿಗುರುತ್ತದೆ. ಕಾಪಾಡಿದ ಕಳ್ಳಿಯನ್ನು ಗುಡ್ಡಕ್ಕೋ ಗೋಮಾಳಕ್ಕೋ ಬಿಟ್ಟು ಬರುವುದು ಉಪಕಾರವಲ್ಲ. ಕುಂಡವೇ ಅದಕ್ಕೆ ತಕ್ಕ ಜಾಗ.

ತರುವ ಕ್ರಮ ಸರಳವಾಗಿದೆ. ಬಿಲ್ಲೆಯನ್ನು ಇಕ್ಕಳದಿಂದಲೋ ಮಡಿಸಿದ ಗೋಣಿಚೀಲದಿಂದಲೋ ಹಿಡಿದು ಗಂಟಿನಲ್ಲೇ ಕೊಯ್ಯಬೇಕು. ಒಳ್ಳೆಯ ಕೈಗವಸನ್ನು ಬಳಸಿದರೆ ಸುಂಕು ಅದರಲ್ಲೇ ನೆಲೆಸಿ, ಮುಂದೆ ಅದನ್ನು ತೊಟ್ಟವರನ್ನೆಲ್ಲ ವಿಚಾರಿಸಿಕೊಳ್ಳುತ್ತದೆ. ಕೊಯ್ದ ತುಂಡನ್ನು ನೆರಳಿನಲ್ಲಿ ವಾರವೊಂದು ಒಣಗಿಸಿ, ಗಾಯ ಗಟ್ಟಿಯಾದ ಬಳಿಕ ಮರಳು ಬೆರೆತ ಮಣ್ಣಿನಲ್ಲಿ ನಿಲ್ಲಿಸಿದರಾಯಿತು. ಬೇರೊಡೆಯುವ ತನಕ ನೀರು ಹಾಕಕೂಡದು. ಗಿಡ ಕಾಪಾಡುವವರಿಗೆ ಇದೇ ಎಲ್ಲಕ್ಕಿಂತ ಕಠಿಣವಾದ ನಿಯಮ. ಕರುಣೆಯಿಂದ ದಿನವೂ ಒಂದು ಚೊಂಬು ನೀರೆರೆದು ಕೊಳೆಸಿದವರೇ ಹೆಚ್ಚು. ರಾತ್ರಿಯ ತಂಪಿನಲ್ಲಷ್ಟೇ ರಂಧ್ರ ತೆರೆದು ಉಸಿರಾಡುತ್ತ ಹನಿಹನಿಯನ್ನೂ ಲೆಕ್ಕವಿಟ್ಟು ಬಾಳುವ ಗಿಡಕ್ಕೆ ನಮ್ಮ ಧಾರಾಳ ಒಗ್ಗುವುದಿಲ್ಲ.

ಕುಂಡವನ್ನು ಇಡುವ ಜಾಗದ ಪ್ರಶ್ನೆ ಉಳಿಯುತ್ತದೆ. ಬಿಸಿಲು ಚೆನ್ನಾಗಿ ಬೀಳುವ ತಾರಸಿಯ ಮೂಲೆ ಅದಕ್ಕೆ ಸೊಗಸಾದೀತು, ಆದರೆ ಮನೆಯವರು ಬಟ್ಟೆ ಒಣಹಾಕುವ ತಂತಿಯೂ ಅಲ್ಲೇ ಇರುತ್ತದೆ. ಗಾಳಿಗೆ ಹಾರಿದ ಪಂಚೆಯೊಂದು ಒಮ್ಮೆ ಕಳ್ಳಿಗೆ ತಾಗಿತೆಂದರೆ, ಸಸ್ಯಶಾಸ್ತ್ರದ ಯಾವ ವಾದವೂ ಮನೆಯಲ್ಲಿ ನಿಲ್ಲುವುದಿಲ್ಲ.