ಬಟ್ಟಲು ಬಿಡಿ, ಚಮಚ ನೋಡಿ

ಪಾಲ್ ರಿವಿಯರ್ ಅಂದರೆ ಅಮೆರಿಕದವರಿಗೆ ನೆನಪಾಗೋದು ಬ್ರಿಟಿಷ್ ಸೈನ್ಯ ಬರುತ್ತಿದೆ ಅಂತ ಎಚ್ಚರಿಸಲು 1775ರ ಆ ರಾತ್ರಿ ಆತ ಮಾಡಿದ ಕುದುರೆ ಸವಾರಿ. ಆತನ ಹೊಟ್ಟೆಪಾಡು ಬೆಳ್ಳಿ ಕೆಲಸ. ಬಾಸ್ಟನ್ನಿನ ಮ್ಯೂಸಿಯಂ ಆಫ್ ಫೈನ್ ಆರ್ಟ್ಸ್‌ಗೆ ಹೋದವರೆಲ್ಲ ಆತ 1768ರಲ್ಲಿ ಮಾಡಿದ ‘ಸನ್ಸ್ ಆಫ್ ಲಿಬರ್ಟಿ’ ಬಟ್ಟಲಿನ ಮುಂದೆ ಫೋಟೋ ತೆಗೆಸಿಕೊಳ್ಳುತ್ತಾರೆ. ಬ್ರಿಟಿಷ್ ಸರ್ಕಾರದ ಆಜ್ಞೆಗೆ ಮಣಿಯದ 92 ಶಾಸಕರ ಗೌರವಕ್ಕೆ ಮಾಡಿಸಿದ ಬಟ್ಟಲು. ಚೆಂದವೇ, ಇಲ್ಲ ಅನ್ನಲ್ಲ. ನನ್ನ ಕಣ್ಣು ಮಾತ್ರ ಆ ಕಾಲದ ಚಮಚಗಳ ಮೇಲೆ.

ಆಗ ಅಲ್ಲಿ ಬ್ಯಾಂಕ್ ಇರಲಿಲ್ಲ. ಸ್ಪೇನಿನ ಬೆಳ್ಳಿ ನಾಣ್ಯ ಪೆಟ್ಟಿಗೆಯಲ್ಲಿಟ್ಟು, ಕಳ್ಳ ಹೊತ್ತೊಯ್ದರೆ ಯಾರದ್ದು ಅಂತ ಗುರುತು ಹಿಡಿಯೋದು ಹೇಗೆ? ಅದನ್ನೇ ಕರಗಿಸಿ ಚಮಚ, ಲೋಟ ಮಾಡಿಸಿ ಮೂರು ಅಕ್ಷರ ಕೊರೆಸುತ್ತಿದ್ದರು. ಮೇಲೆ ಮನೆತನದ್ದು, ಕೆಳಗೆ ಗಂಡ-ಹೆಂಡತಿಯದ್ದು. ಮದುವೆ ಪಾತ್ರೆಗೆ ಹೆಸರು ಹಾಕಿಸಿದ ನಮ್ಮ ಅಜ್ಜಿಯರಿಗೆ ಇದನ್ನು ವಿವರಿಸಬೇಕಿಲ್ಲ. ರಿವಿಯರ್‌ನ ಲೆಕ್ಕದ ಪುಸ್ತಕಗಳು ಇನ್ನೂ ಇವೆ. ಬೆಳ್ಳಿಗೆ ಇಷ್ಟು, ಮಜೂರಿಗೆ ಇಷ್ಟು!

ಇಂಗ್ಲೆಂಡಿನಲ್ಲಾದರೆ ಸಾವಿರಕ್ಕೆ 925 ಭಾಗ ಬೆಳ್ಳಿ ಇದೆಯಾ ಅಂತ ಪರೀಕ್ಷಿಸಿ ಹಾಲ್‌ಮಾರ್ಕ್ ಒತ್ತುವ ಕಚೇರಿಗಳಿದ್ದವು. ಬಾಸ್ಟನ್, ಫಿಲಡೆಲ್ಫಿಯಾಗಳಲ್ಲಿ ಅಂಥದ್ದಿಲ್ಲ. ಮಾಡಿದವನ ಮುದ್ರೆಯೇ ಗ್ಯಾರಂಟಿ. ಹಾಗಾಗಿ ಅಪ್ಪನಿಂದ ಮಗನಿಗೆ ಸುತ್ತಿಗೆಗಿಂತ ಮುಖ್ಯವಾಗಿ ದಾಟಿದ್ದು ಹೆಸರು ಅಂತ ನನ್ನ ವಾದ. ಫಿಲಡೆಲ್ಫಿಯಾದ ರಿಚರ್ಡ್‌ಸನ್ ಮನೆತನದ ಮೂರನೇ ತಲೆಮಾರಿನ ಜೋಸೆಫ್ 1795ರಲ್ಲಿ ಸರ್ಕಾರಿ ಟಂಕಸಾಲೆಯಲ್ಲೇ ಲೋಹ ಪರೀಕ್ಷಕನಾದ.

ಇಷ್ಟಕ್ಕೇ ‘ಕಲೆ ರಕ್ತದಲ್ಲೇ ಬಂತು’ ಅನ್ನುವವರ ಜೊತೆ ನನಗೆ ಜಗಳ. ರಿವಿಯರ್‌ನ ಅಪ್ಪ ಅಪೊಲೋಸ್ ರಿವ್ವಾರ್ ಫ್ರಾನ್ಸಿನ ಪ್ರಾಟೆಸ್ಟೆಂಟ್ ಹುಡುಗ. 13ರ ಸುಮಾರಿಗೆ ಬಾಸ್ಟನ್ನಿಗೆ ಬಂದು ಜಾನ್ ಕೋನಿ ಎಂಬ ಬೆಳ್ಳಿ ಕೆಲಸದವನ ಅಂಗಡಿಗೆ, ಇಷ್ಟು ವರ್ಷ ದುಡಿಯುತ್ತಾ ಕಸುಬು ಕಲಿಯುವ ಕರಾರಿನ ಮೇಲೆ ಸೇರಿದ. 1722ರಲ್ಲಿ ಕೋನಿ ಸತ್ತಾಗ, ಈ ಹುಡುಗನ ಕರಾರಿನಲ್ಲಿ ಬಾಕಿ ಉಳಿದ ವರ್ಷಗಳೂ ಸತ್ತವನ ಆಸ್ತಿಯ ಲೆಕ್ಕಕ್ಕೆ ಸೇರಿದವು. ದುಡ್ಡು ಕೊಟ್ಟು ತನ್ನನ್ನು ತಾನೇ ಬಿಡಿಸಿಕೊಂಡ. ಆಮೇಲೆ ಅಲ್ಲಿಯವರ ನಾಲಿಗೆಗೆ ಹೊಂದುವ ಹಾಗೆ ಹೆಸರು ಬದಲಿಸಿಕೊಂಡು ಪಾಲ್ ರಿವಿಯರ್ ಆದ. 1754ರಲ್ಲಿ ಅಪ್ಪ ತೀರಿಕೊಂಡಾಗ ಅದೇ ಹೆಸರಿನ ಮಗನಿಗೆ 19. ‘ಮನೆತನದ ಕಸುಬು’ ಅನ್ನೋದರ ಬುಡದಲ್ಲಿ ಇರೋದು ಬೇರೆಯವನ ಅಂಗಡಿಯಲ್ಲಿ ದುಡಿದ ಈ ಪರದೇಶಿ ಹುಡುಗ.

ಮುದ್ರೆ ಬೀಳದ ಕೈಗಳ ಕಥೆಯಂತೂ ಬೇರೆಯೇ. ದಕ್ಷಿಣದ ಚಾರ್ಲ್ಸ್‌ಟನ್‌ನಲ್ಲಿ ಗುಲಾಮರೂ ಬೆಳ್ಳಿ ಬಡಿದರು. ಪಾತ್ರೆ ತಿರುಗಿಸಿ ನೋಡಿದರೆ ಕಾಣೋದು ಯಜಮಾನನ ಹೆಸರು.

ಹಳೇ ಚಮಚ ಎಲ್ಲಾದರೂ ಸಿಕ್ಕರೆ ಅಕ್ಷರ ಓದುವ ಮೊದಲು ಅದರ ತುದಿ ನೋಡಿ. ಬಲಗೈಯವರು ಬಟ್ಟಲಿನ ತಳ ಕೆರೆದೂ ಕೆರೆದೂ ಎಡ ಅಂಚು ಸವೆದಿರುತ್ತದೆ.